ಪ್ರೋಗ್ರಾಂ ಬರೆಯುವುದಕ್ಕೂ ಲೈಸೆನ್ಸ್ ಬೇಕಾ?

ಡಾಕ್ಟರು, ವಕೀಲರಿಗೆ ಇರುವ ಹಾಗೆ ಪ್ರೋಗ್ರಾಮರ್‌ಗಳಿಗೂ ಲೈಸೆನ್ಸ್ ಇರಬೇಕಲ್ವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಬರೆಯುವವರಿಗೆ ಬೇಡ. ಬರೆದ ಕೆಲಸಕ್ಕೆ ತಪಾಸಣೆ ಬೇಕು, ಅದೂ ಎಲ್ಲದಕ್ಕೂ ಅಲ್ಲ.

ನಾನು ಹುಬ್ಬಳ್ಳಿಯಲ್ಲಿದ್ದುಕೊಂಡು ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ರಾಣೆಬೆನ್ನೂರಿನ ಬೀಜದ ಅಂಗಡಿಗಳೇ ಜಾಸ್ತಿ. ಮಾಲೀಕರ ತಲೆ ಮೇಲೆ, ದೇವರ ಫೋಟೋ ಪಕ್ಕದಲ್ಲೇ ಲೈಸೆನ್ಸಿಗೆ ಕಟ್ಟು ಹಾಕಿಸಿ ನೇತುಹಾಕಿರುತ್ತಾರೆ. 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಅದಿಲ್ಲದೆ ಬೀಜದ ವ್ಯಾಪಾರ ಮಾಡುವ ಹಾಗಿಲ್ಲ. ಅದರ ಕೆಳಗೇ ಇರುವ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದ ನನ್ನ ಹತ್ತಿರ ಯಾವ ಕಾಗದವೂ ಇಲ್ಲ! ಬೀಜ ಹುಟ್ಟದಿದ್ದರೆ ರೈತ ಬಿಲ್ ಹಿಡಿದುಕೊಂಡೇ ಬರುತ್ತಾನೆ. ಅದರಲ್ಲಿ ಲಾಟ್ ನಂಬರ್, ಅಂದರೆ ಬೀಜ ಯಾವ ಬ್ಯಾಚಿನದು ಅಂತ ಹೇಳುವ ಸಂಖ್ಯೆ, ತಪ್ಪಿದ್ದರೆ ಪರಿಹಾರ ಕೇಳುವುದು ಕಷ್ಟ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕುವುದಿಲ್ಲ.

ಆದರೆ ಅಮೆರಿಕದಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಟೆಕ್ಸಾಸ್ 1998ರಲ್ಲೇ ಸಾಫ್ಟ್‌ವೇರ್ ಎಂಜಿನಿಯರ್‌ಗಳಿಗೆ ಲೈಸೆನ್ಸ್ ಕೊಡಲು ಒಪ್ಪಿತು. 2013ರಲ್ಲಿ ಅದಕ್ಕೊಂದು ಪರೀಕ್ಷೆ ಶುರುವಾಯಿತು. ಬರೆಯುವವರೇ ಇಲ್ಲದೆ 2019ರಲ್ಲಿ ಮುಚ್ಚಿತು. ಅಷ್ಟೂ ವರ್ಷದಲ್ಲಿ ಪರೀಕ್ಷೆಗೆ ಕೂತವರು 81 ಜನ. ಧಾರವಾಡದ ಕೋಚಿಂಗ್ ಕ್ಲಾಸಿನ ಒಂದೇ ಬ್ಯಾಚಿನಲ್ಲಿ ಅದಕ್ಕಿಂತ ಜಾಸ್ತಿ ಹುಡುಗರಿರುತ್ತಾರೆ. ನಮ್ಮಲ್ಲಿ ಅಂಥ ಪರೀಕ್ಷೆ ಬಂದರೆ ಇನ್ನೊಂದಿಷ್ಟು ಕೋಚಿಂಗ್ ಬೋರ್ಡು ಏಳುತ್ತವೆ, ಡಿಗ್ರಿ ಇಲ್ಲದೆ ಮೊಬೈಲ್ ನೋಡಿಯೇ ಕಲಿತ ಗದಗಿನ ಹುಡುಗ ಹೊರಗುಳಿಯುತ್ತಾನೆ.

ಜೀವಕ್ಕೆ ಕುತ್ತು ಬರುವ ಕಡೆ ಮಾತು ಬೇರೆ. ಥೆರಾಕ್-25 ಎಂಬ ರೇಡಿಯೇಷನ್ ಯಂತ್ರ 1985ರಿಂದ 1987ರ ನಡುವೆ ಆರು ರೋಗಿಗಳಿಗೆ ವಿಪರೀತ ವಿಕಿರಣ ಕೊಟ್ಟಿತು, ಕೆಲವರು ಸತ್ತೇಹೋದರು. ಆಪರೇಟರ್ ಬೇಗ ಬೇಗ ಟೈಪ್ ಮಾಡಿ ತಿದ್ದಿದರೆ ಪರದೆ ಒಂದು ತೋರಿಸುತ್ತಿತ್ತು, ಯಂತ್ರ ಇನ್ನೊಂದು ಮಾಡುತ್ತಿತ್ತು. ಹಳೆಯ ಮಾದರಿಗಳಲ್ಲಿ ಇಂಥದ್ದನ್ನು ತಡೆಯುವ ಸಾಧನಗಳು ಯಂತ್ರದೊಳಗೇ ಇದ್ದವು. ಹೊಸದರಲ್ಲಿ ಅವನ್ನು ತೆಗೆದು ಎಲ್ಲವನ್ನೂ ಸಾಫ್ಟ್‌ವೇರಿಗೆ ಬಿಟ್ಟರು. ಕೋಡ್ ಬರೆದವನ ಜೇಬಿನಲ್ಲಿ ಲೈಸೆನ್ಸ್ ಇದ್ದಿದ್ದರೆ ಆ ತೀರ್ಮಾನ ಬದಲಾಗುತ್ತಿತ್ತಾ? ನನಗೆ ಹಾಗನ್ನಿಸುವುದಿಲ್ಲ. ಇವತ್ತು ವಿಮಾನದ ಸಾಫ್ಟ್‌ವೇರಿಗೆ ಡಿಒ-178ಸಿ, ವೈದ್ಯಕೀಯ ಉಪಕರಣಕ್ಕೆ ಐಇಸಿ 62304 ಎಂಬ ನಿಯಮಗಳಿವೆ. ಅವು ಯಾವುದನ್ನು ಹೇಗೆ ಪರೀಕ್ಷಿಸಿದಿರಿ, ದಾಖಲೆ ತೋರಿಸಿ ಅನ್ನುತ್ತವೆ. ಬರೆದವನ ಲೈಸೆನ್ಸ್ ನಂಬರ್ ಕೇಳುವುದಿಲ್ಲ.

ಅಂಥ ಕಡೆ ಜವಾಬ್ದಾರಿಗೆ ಒಬ್ಬರ ಸಹಿ ಇರಲಿ ಅಂದರೆ ನಾನೂ ಒಪ್ಪುತ್ತೇನೆ. ಆದರೆ "ಇದು ರೆಡಿ ಇಲ್ಲ, ಬಿಡುಗಡೆ ಬೇಡ" ಅನ್ನುವ ಅಧಿಕಾರವನ್ನೂ ಅವರಿಗೇ ಕೊಡಬೇಕು. ಡೆಡ್‌ಲೈನ್ ಮ್ಯಾನೇಜರ್ ಕೈಯಲ್ಲಿ, ಕೇಸ್ ಮಾತ್ರ ಕೋಡ್ ಬರೆದ ಹುಡುಗನ ಮೇಲೆ ಅಂದರೆ ಯಾರು ಸಹಿ ಹಾಕುತ್ತಾರೆ?