ಹಳೆಯ ಟೈರಿನಿಂದ ಎಣ್ಣೆ ಬರುತ್ತದೆಯೇ?

ಪ್ರಶ್ನೆ: ನಮ್ಮೂರಿನ ಪಂಕ್ಚರ್ ಅಂಗಡಿಯ ಹಿಂದೆ ರಾಶಿ ಬಿದ್ದಿದ್ದ ಹಳೆಯ ಟೈರುಗಳನ್ನು ಎಣ್ಣೆ ತೆಗೆಯಲೆಂದು ಲಾರಿಯಲ್ಲಿ ಒಯ್ದರು. ಇದು ನಿಜವೇ? ಆ ಎಣ್ಣೆಯನ್ನು ಡೀಸೆಲ್ ಬದಲು ಪಂಪ್‌ಸೆಟ್ಟಿಗೆ ಹಾಕಬಹುದೇ?

ಉತ್ತರ: ನಿಜ. ಟೈರನ್ನು ಗಾಳಿಯಾಡದ ಉಕ್ಕಿನ ಪಾತ್ರೆಯಲ್ಲಿ ಮುಚ್ಚಿ ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ, ಆಮ್ಲಜನಕವಿಲ್ಲದ ಕಾರಣ ರಬ್ಬರು ಉರಿಯದೆ, ಅದರ ಉದ್ದನೆಯ ಅಣುಸರಪಳಿಗಳು ತುಂಡಾಗಿ ಆವಿಯಾಗುತ್ತವೆ. ಈ ಆವಿಯನ್ನು ತಣಿಸಿದರೆ ಕಪ್ಪು ಎಣ್ಣೆ ದೊರೆಯುತ್ತದೆ. ಇದೇ ಪೈರಾಲಿಸಿಸ್. ಇದ್ದಿಲು ಸುಡುವವರಿಗೆ ಈ ತತ್ತ್ವ ಹೊಸದೇನಲ್ಲ. ಟೈರಿನ ತೂಕದಲ್ಲಿ ಸರಿಸುಮಾರು ಶೇ. 40ರಷ್ಟು ಎಣ್ಣೆ, ಮೂರನೇ ಒಂದು ಭಾಗದಷ್ಟು ಇಂಗಾಲದ ಪುಡಿ ಸಿಗುತ್ತವೆ. ಉಳಿದದ್ದು ಉಕ್ಕಿನ ತಂತಿ ಮತ್ತು ಅನಿಲ. ಆ ಅನಿಲವನ್ನು ಸಾಮಾನ್ಯವಾಗಿ ಅದೇ ಕುಲುಮೆಗೆ ಉರುವಲಾಗಿ ಬಳಸುತ್ತಾರೆ.

ಪಂಪ್‌ಸೆಟ್ಟಿಗೆ ಮಾತ್ರ ಹಾಕಬೇಡಿ. ರಬ್ಬರನ್ನು ಗಟ್ಟಿಗೊಳಿಸಲು ಬೆರೆಸಿದ ಗಂಧಕದ ಒಂದು ಪಾಲು ಎಣ್ಣೆಯಲ್ಲೂ ಉಳಿಯುವುದರಿಂದ, ಶುದ್ಧೀಕರಿಸದೆ ಬಳಸಿದರೆ ಎಂಜಿನ್ ಕೆಡುತ್ತದೆ, ಹೊಗೆಯೂ ವಿಷಕಾರಿ. ಕಾರ್ಖಾನೆಗಳ ಕುಲುಮೆಗಳಿಗೆ ಇದು ಹೆಚ್ಚಾಗಿ ಹೋಗುತ್ತದೆ. ಪೈರಾಲಿಸಿಸ್ ಎಣ್ಣೆಗಾಗಿ ವಿದೇಶದ ಹಳೆಯ ಟೈರುಗಳನ್ನು ತರಿಸುವುದನ್ನು ಕೇಂದ್ರ ಸರ್ಕಾರದ 2022ರ ನಿಯಮಗಳು ನಿಷೇಧಿಸಿವೆ. ನನ್ನ ಅಭಿಪ್ರಾಯದಲ್ಲಿ, ರಿಟ್ರೆಡಿಂಗ್‌ಗೆ (ಸವೆದ ಮೇಲ್ಪದರದ ಜಾಗದಲ್ಲಿ ಹೊಸ ರಬ್ಬರು ಕೂರಿಸುವುದಕ್ಕೆ) ಒದಗುವ ಟೈರನ್ನು ಕುಲುಮೆಗೆ ಹಾಕುವುದೇ ದಂಡ.