‘ಮ್ಯಾನೇಜ್ ಮಾಡ್ತೀವಿ’ ಅಂತ ಮಾತ್ರ ಹೇಳ್ಬೇಡಿ ಅಕ್ಕ

ಅಕ್ಕ, ನಿಮ್ಮ ಪತ್ರ ಬಂದು ಮೂರು ವಾರ ಆಯ್ತು, ಉತ್ತರ ತಡ ಆಯ್ತು, ಬೇಜಾರು ಮಾಡ್ಕೋಬೇಡಿ. ಹೆಸರು ಹಾಕ್ಬೇಡಿ ಊರೂ ಹಾಕ್ಬೇಡಿ, ಇಲ್ಲಿ ಇರೋ ನಾಲ್ಕು ಕನ್ನಡದ ಮನೆಗೆ ಗೊತ್ತಾದ್ರೆ ಯುಗಾದಿ ಊಟದಲ್ಲಿ ಅದೇ ಮಾತಾಗುತ್ತೆ ಅಂದಿದ್ದೀರಿ, ಹಾಕಿಲ್ಲ. ಮಿಕ್ಕ ಓದುಗರಿಗೋಸ್ಕರ ಪತ್ರದ ಸಾರಾಂಶ ಮಾತ್ರ ಹೇಳ್ತೀನಿ: ಇವರು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಇರೋರು, ವಯಸ್ಸು 71, ಮೈಸೂರಿಂದ ಬಂದು ನಲವತ್ತು ವರ್ಷದ ಮೇಲಾಯ್ತು. ಯಜಮಾನ್ರಿಗೆ 77, ಹೋದ ವರ್ಷ ಸ್ಟ್ರೋಕ್ ಆಗಿ ಎಡಗೈ ಎಡಗಾಲಲ್ಲಿ ಶಕ್ತಿ ಕಮ್ಮಿ. ಬಾತ್‌ರೂಮ್ ಮಹಡಿ ಮೇಲೆ, ಟಬ್ಬಿಂದ ಏಳೋಕೆ ಟವೆಲ್ ರಾಡ್ ಹಿಡ್ಕೋತಾರೆ, ಅದು ಗೋಡೆಯಿಂದ ಕಿತ್ಕೊಂಡು ಬರೋ ಹಾಗಿದೆ. ಮಗಳು ಕೆನಡಾದಲ್ಲಿ. ಜಿಪಿ ಸರ್ಜರಿಯವರು (ಡಾಕ್ಟರ ಕ್ಲಿನಿಕ್‌ನವರು) ನಮ್ಮೂರ ನಗರಸಭೆ ಥರದ ಕೌನ್ಸಿಲ್‌ನ ವಯಸ್ಸಾದವರ, ಅಂಗವಿಕಲರ ಆರೈಕೆ ನೋಡೋ ಅಡಲ್ಟ್ ಸೋಷಿಯಲ್ ಕೇರ್‌ಗೆ ಫೋನ್ ಮಾಡಿ ಅಂದ್ರೆ ಯಜಮಾನ್ರು ಒಪ್ತಾ ಇಲ್ಲ. ಅವರ ಮಾತು, ಪತ್ರದಲ್ಲಿ ಇದ್ದ ಹಾಗೇ: ‘ನಲವತ್ತು ವರ್ಷ ಟ್ಯಾಕ್ಸ್ ಕಟ್ಟಿ ಯಾರ ಹಂಗಿಲ್ದೆ ಬದುಕಿದ್ದೀನಿ, ಈಗ ಕೌನ್ಸಿಲ್ ಮುಂದೆ ಕೈ ಚಾಚ್ಬೇಕಾ, ಆಮೇಲೆ ಅವರು ಮನೆ ಬರೆಸ್ಕೋತಾರೆ ನೋಡು’. ಅಕ್ಕನ ಪ್ರಶ್ನೆ, ಇದೆಲ್ಲ ನಿಜಾನಾ, ಇಲ್ಲಾ ಗಂಟುಮೂಟೆ ಕಟ್ಕೊಂಡು ಮೈಸೂರಿಗೆ ಹೋಗ್ಬಿಡೋದು ವಾಸಿನಾ.

ಮೊದಲು ಮನೆ ವಿಷಯ ಹೇಳಿ ಮುಗಿಸ್ತೀನಿ, ಯಾಕಂದ್ರೆ ಆ ಭಯ ಇರೋವರೆಗೂ ಬೇರೆ ಯಾವ ಮಾತೂ ಕಿವಿಗೆ ಹೋಗಲ್ಲ. ನೀವು ನಿಮ್ಮ ಮನೇಲೇ ಇದ್ಕೊಂಡು ಕೌನ್ಸಿಲ್ ಸಹಾಯ ತಗೊಂಡ್ರೆ ಆ ಮನೆ ಬೆಲೆ ಲೆಕ್ಕಕ್ಕೇ ಬರಲ್ಲ. ನಾಳೆ ಏನೋ ಆಗಿ ಯಜಮಾನ್ರು ಕೇರ್ ಹೋಮಿಗೆ ಹೋಗ್ಬೇಕಾಗಿ ಬಂದ್ರೂ, ಹೆಂಡತಿ ಆ ಮನೇಲಿ ವಾಸ ಇರೋವರೆಗೂ ಮನೇನ ಲೆಕ್ಕಕ್ಕೆ ಹಿಡಿಯೋ ಹಾಗಿಲ್ಲ. ಲೆಕ್ಕಕ್ಕೆ ಬರೋದು ಉಳಿತಾಯ. ಇಂಗ್ಲೆಂಡಲ್ಲಿ 23,250 ಪೌಂಡ್‌ಗಿಂತ ಜಾಸ್ತಿ ಇದ್ರೆ ಕೇರ್ ಖರ್ಚು ಪೂರ್ತಿ ನಿಮ್ಮದೇ, 14,250ಕ್ಕಿಂತ ಕಮ್ಮಿ ಇದ್ರೆ ಉಳಿತಾಯ ಮುಟ್ಟಲ್ಲ, ಪೆನ್ಶನ್ ಥರದ ಆದಾಯ ಮಾತ್ರ ನೋಡ್ತಾರೆ. ಜಾಯಿಂಟ್ ಅಕೌಂಟ್ ಆದ್ರೆ ಅವರ ಪಾಲು ಅರ್ಧ ಅಂತ ಲೆಕ್ಕ. ಇಲ್ಲೊಂದು ಮಾತು ನಮ್ಮವರು ಯಾರೂ ಬಾಯಿಬಿಟ್ಟು ಹೇಳಲ್ಲ, ನಾನು ಹೇಳ್ತೀನಿ: ಮೈಸೂರಲ್ಲಿ ಅವರ ಹೆಸರಲ್ಲಿ ಸೈಟ್ ಇದ್ರೆ ಅದೂ ಆಸ್ತೀನೇ, ಫಾರ್ಮಲ್ಲಿ ಬರೀಬೇಕು. ಈಗ ಅವಸರದಲ್ಲಿ ಮಗಳ ಹೆಸರಿಗೆ ಮಾಡಿಸಿದ್ರೆ ಬೇಕಂತಲೇ ಕೈ ಖಾಲಿ ಮಾಡ್ಕೊಂಡ್ರು ಅಂತ ಹಿಡೀತಾರೆ, ಆ ಸೈಟ್ ಇನ್ನೂ ನಿಮ್ಮದೇ ಅನ್ನೋ ಹಾಗೆ ಲೆಕ್ಕ ಹಾಕ್ತಾರೆ. ಯಾರಾದ್ರೂ ಬುದ್ಧಿವಂತರು ಸಲಹೆ ಕೊಟ್ಟಿದ್ರೆ ಮರೆತುಬಿಡಿ.

ಇನ್ನು ಕೈ ಚಾಚೋ ಮಾತು. 2014ರ ಕೇರ್ ಆ್ಯಕ್ಟ್ ಅಂತ ಒಂದು ಕಾನೂನಿದೆ, 2015ರ ಏಪ್ರಿಲ್‌ನಿಂದ ಜಾರಿ. ಒಬ್ಬ ದೊಡ್ಡವರಿಗೆ ಆರೈಕೆ ಬೇಕಾಗಿದೆ ಅಂತ ಕಂಡ್ರೆ ಸಾಕು, ಕೌನ್ಸಿಲ್ ಅವರ ಅಗತ್ಯ ಏನು ಅಂತ ಅಸೆಸ್‌ಮೆಂಟ್ ಮಾಡಲೇಬೇಕು, ಅವರ ಹತ್ರ ಎಷ್ಟು ದುಡ್ಡಿದೆ ಅನ್ನೋದು ಆಮೇಲಿನ ಮಾತು. ಲಕ್ಷಾಧೀಶ್ವರ ಆದ್ರೂ ಅಸೆಸ್‌ಮೆಂಟ್ ಬಿಟ್ಟಿ. ಮತ್ತೆ ಇನ್ನೊಂದು, ನೀವು ಪತ್ರದಲ್ಲಿ ಒಂದೇ ಸಾಲಲ್ಲಿ ‘ನನಗೂ ಸೊಂಟ ಬಿದ್ದುಹೋಗಿದೆ ಬಿಡಿ’ ಅಂತ ಬರೆದು ಮುಂದಕ್ಕೆ ಹೋಗ್ಬಿಟ್ರಿ, ಅದೇ ಕಾನೂನಲ್ಲಿ ನೋಡ್ಕೊಳ್ಳೋರಿಗೂ ಬೇರೆ ಅಸೆಸ್‌ಮೆಂಟ್ ಇದೆ, ಕೇರರ್ಸ್ ಅಸೆಸ್‌ಮೆಂಟ್ ಅಂತ ಕೇಳಿ, ಯಜಮಾನ್ರು ನನಗೇನೂ ಬೇಡ ಅಂತ ಹಟ ಹಿಡಿದ್ರೂ ನಿಮ್ಮದು ನಿಮಗೆ ಆಗುತ್ತೆ.

ಫೋನ್ ಮಾಡೋವಾಗ ಒಂದು ಗೊಂದಲ ಆಗುತ್ತೆ. ನೀವಿರೋ ಕಡೆ ಎರಡು ಕೌನ್ಸಿಲ್ ಇದೆ, ಕಸದ ಬಿನ್ ತಗೊಂಡು ಹೋಗೋದು ಡಿಸ್ಟ್ರಿಕ್ಟ್ ಕೌನ್ಸಿಲ್, ಸೋಷಿಯಲ್ ಕೇರ್ ಇರೋದು ಕೌಂಟಿ ಕೌನ್ಸಿಲಲ್ಲಿ. ಸ್ಟೇರ್‌ಲಿಫ್ಟ್, ಕೆಳಗಡೆ ಶವರ್ ರೂಮು, ಇಂಥ ದೊಡ್ಡ ಕೆಲಸಕ್ಕೆ ಡಿಸೇಬಲ್ಡ್ ಫೆಸಿಲಿಟೀಸ್ ಗ್ರಾಂಟ್ ಅಂತ ಇಂಗ್ಲೆಂಡಲ್ಲಿ 30,000 ಪೌಂಡ್‌ವರೆಗೂ ಕೊಡ್ತಾರೆ, ಆದಾಯ ನೋಡಿ, ಆದ್ರೆ ಅದನ್ನ ಕೊಡೋದು ಮತ್ತೆ ಡಿಸ್ಟ್ರಿಕ್ಟ್‌ನವರು. ಇವರು ಅವರನ್ನ ಕೇಳಿ ಅಂತಾರೆ, ಅವರು ಇವರನ್ನ. ಎರಡೂ ಕಡೆ ಮಾತಾಡಿದವರ ಹೆಸರು ತಾರೀಖು ಕ್ಯಾಲೆಂಡರ್ ಮೇಲೆ ಬರ್ಕೊಳ್ಳಿ.

ಈಗ ನಾನು ಹೇಳ್ಬೇಕು ಅಂತಿರೋ ಮುಖ್ಯ ಮಾತು. ನಮ್ಮ ಮಾವನವರ ಕತೆ ಹೇಳಿದ್ರೆ ಅರ್ಥ ಆಗುತ್ತೆ. ಮಾವ ರಿಟೈರ್ಡ್ ಇಂಜಿನಿಯರ್, ಅತ್ತೆ ಹೋದ ಮೇಲೆ ಒಬ್ಬರೇ ಇದ್ರು, ಪಾರ್ಕಿನ್ಸನ್ಸ್ (ಕೈಕಾಲು ನಡುಗೋ ಕಾಯಿಲೆ). ಮೊದಲ ಸಲ ಕೌನ್ಸಿಲ್‌ನಿಂದ ಒಬ್ಬ ಹುಡುಗಿ ಬರ್ತಾಳೆ ಅಂದಾಗ ನಾನು ಹಿಂದಿನ ದಿನಾನೇ ಹೋಗಿ ಮನೆಯೆಲ್ಲ ಗುಡಿಸಿ ಒರೆಸಿ, ಕಮೋಡ್ ಹತ್ರ ಇದ್ದ ಪ್ಲಾಸ್ಟಿಕ್ ಸ್ಟೂಲ್ ಬಚ್ಚಿಟ್ಟು, ಉಪ್ಪಿಟ್ಟು ಮಾಡಿಟ್ಟು ಬಂದೆ. ಮಾವ ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು (ಗುಂಡಿ ಹಾಕಿದ್ದು ನಾನು) ಸೋಫಾದಲ್ಲಿ ರಾಜನ ಥರ ಕೂತಿದ್ರು. ಅವಳು ಸ್ನಾನ ಹೇಗೆ ಅಂದ್ಲು, ನೋ ಪ್ರಾಬ್ಲಮ್. ಅಡುಗೆ? ಐ ಮ್ಯಾನೇಜ್. ರಾತ್ರಿ ಎದ್ದು ಟಾಯ್ಲೆಟ್? ಐ ಮ್ಯಾನೇಜ್. ಎರಡು ವಾರ ಬಿಟ್ಟು ಕಾಗದ ಬಂತು, ಸದ್ಯಕ್ಕೆ ನಿಮಗೆ ಸಹಾಯದ ಅಗತ್ಯ ಕಾಣ್ತಿಲ್ಲ ಅಂತ. ಬರದೆ ಇನ್ನೇನು? ಬಂದ ಅತಿಥಿ ಮುಂದೆ ಮನೆಯ ಕಷ್ಟ ಬಿಚ್ಚಿಡಬಾರದು ಅಂತ ನಮ್ಮನ್ನ ಬೆಳೆಸಿದ್ದಾರೆ, ಆದ್ರೆ ಆ ಹುಡುಗಿ ಅತಿಥಿ ಅಲ್ಲ, ಅವಳ ಕೈಲಿರೋ ಫಾರ್ಮಲ್ಲಿ ಹತ್ತು ವಿಷಯ ಇರುತ್ತೆ: ಊಟ, ಮೈ ಕ್ಲೀನ್ ಇಟ್ಕೊಳ್ಳೋದು, ಟಾಯ್ಲೆಟ್, ಬಟ್ಟೆ, ಮನೆಯೊಳಗೆ ಅಪಾಯ ಇಲ್ದೆ ಓಡಾಡೋದು, ಮನೆ ನೆಟ್ಟಗಿಟ್ಕೊಳ್ಳೋದು, ನೆಂಟರು ಸ್ನೇಹಿತರ ಜೊತೆ ಬೆರೆಯೋದು, ಹೊರಗೆ ಹೋಗಿ ಬರೋದು, ಹೀಗೆ. ಅದರಲ್ಲಿ ಎರಡಾದ್ರೂ ಆಗ್ತಿಲ್ಲ, ಅದರಿಂದ ಜೀವನಕ್ಕೆ ದೊಡ್ಡ ತೊಂದರೆ ಆಗ್ತಿದೆ ಅಂತ ಕಂಡ್ರೇನೇ ಬಾಗಿಲು ತೆರೆಯೋದು. ‘ಆಗ್ತಿಲ್ಲ’ ಅನ್ನೋದಕ್ಕೂ ಕಾನೂನಲ್ಲೇ ಅರ್ಥ ಕೊಟ್ಟಿದ್ದಾರೆ, ಯಾರೋ ಸಹಾಯ ಮಾಡಿದ್ರೆ ಮಾತ್ರ ಆಗುತ್ತೆ ಅನ್ನೋದೂ ಆಗಲ್ಲ ಅಂತಲೇ ಲೆಕ್ಕ, ಮಾಡಬಹುದು ಆದ್ರೆ ತುಂಬಾ ನೋವಾಗುತ್ತೆ, ಮಾಮೂಲಿಗಿಂತ ತೀರಾ ಜಾಸ್ತಿ ಹೊತ್ತು ಹಿಡಿಯುತ್ತೆ, ಅದೂ ಆಗಲ್ಲ ಅಂತಲೇ. ನಿಮ್ಮ ಯಜಮಾನ್ರು ಸಾಕ್ಸ್ ಹಾಕ್ಕೊಳ್ಳೋಕೆ ಇಪ್ಪತ್ತೈದು ನಿಮಿಷ ಅಂತ ಬರೆದಿದ್ದೀರಲ್ಲ, ಆ ಇಪ್ಪತ್ತೈದು ನಿಮಿಷ ಹೇಳಿ.

ಎರಡನೇ ಸಲ ನಮ್ಮನೆಗೆ ಬಂದಿದ್ದು ಆಕ್ಯುಪೇಶನಲ್ ಥೆರಪಿಸ್ಟ್, ಕಾಯಿಲೆ ಇದ್ರೂ ದಿನದ ಕೆಲಸ ಮಾಡ್ಕೊಳ್ಳೋಕೆ ದಾರಿ ತೋರಿಸೋ ತಜ್ಞೆ, ಎಲ್ಲರೂ ಓಟಿ ಅಂತಾರೆ. ವಯಸ್ಸಾದ ಹೆಂಗಸು, ಬಂದವಳೇ ಪ್ರಶ್ನೆ ಕೇಳಲಿಲ್ಲ, ಹಾಲ್‌ನಿಂದ ಬಾತ್‌ರೂಮಿಗೆ ಹೋಗೋ ಗೋಡೆ ನೋಡಿದ್ಲು. ಸೊಂಟದೆತ್ತರಕ್ಕೆ ಕಂದು ಬಣ್ಣದ ಕೊಳೆ, ಮಾವ ಕೈ ಊರ್ಕೊಂಡು ಊರ್ಕೊಂಡು ಆಗಿದ್ದು, ನಾನು ವರ್ಷದಿಂದ ಕಂಡೂ ಕಾಣ್ದೇ ಇದ್ದಿದ್ದು. ಆಮೇಲೆ ನನಗೊಂದು ಬಿಸಿ ಡ್ರಿಂಕ್ ಮಾಡ್ಕೊಡ್ತೀರಾ ಅಂದ್ಲು. ಮಾವ ಎದ್ದು ಸ್ಟೀಲ್ ಫಿಲ್ಟರ್ ತೆಗೆದ್ರು, ಮೇಲಿನ ಬಟ್ಟಲನ್ನ ಕೆಳಗಿನದಕ್ಕೆ ಕೂರಿಸೋಕೆ ಹೋಗಿ ಕೈ ನಡುಗಿ ಪುಡಿಯೆಲ್ಲ ಸ್ಲ್ಯಾಬ್ ಮೇಲೆ, ಕೆಟಲ್ ಎತ್ತೋವಾಗ ನನ್ನ ಜೀವ ಬಾಯಿಗೆ ಬಂತು. ಅವಳು ಏನೂ ಮಾತಾಡದೆ ಬರ್ಕೊಂಡ್ಲು. ಎರಡು ವಾರದಲ್ಲಿ ಬಂದ ಸಾಮಾನು: ಕೆಟಲ್ ಎತ್ತದೇ ಬಗ್ಗಿಸೋ ಸ್ಟ್ಯಾಂಡು, ಅಡುಗೆಮನೆಗೆ ಮುಂದಕ್ಕೆ ಓರೆ ಇರೋ ಎತ್ತರದ ಸ್ಟೂಲು, ಗೋಡೆಗೆ ಎರಡು ಕಡೆ ಹಿಡಿ, ಟಬ್ ಮೇಲೆ ಅಡ್ಡ ಹಾಕೋ ಹಲಗೆ, ಕುತ್ತಿಗೆಗೆ ಹಾಕ್ಕೊಳ್ಳೋ ಅಲಾರ್ಮ್ ಬಟನ್, ಬಾಗಿಲ ಪಕ್ಕ ನಂಬರ್ ಒತ್ತಿದ್ರೆ ತೆರೆಯೋ ಕೀ ಬಾಕ್ಸು. ಬಟನ್‌ಗೆ ವಾರಕ್ಕಿಷ್ಟು ಅಂತ ದುಡ್ಡು ಕಟ್ತಿದ್ವಿ, ಕೀ ಬಾಕ್ಸ್ ನಾವೇ ತಂದಿದ್ದು, ಮಿಕ್ಕಿದ್ದಕ್ಕೆ ಒಂದು ಪೆನ್ನಿಯೂ ಖರ್ಚಿಲ್ಲ, ಯಾಕಂದ್ರೆ ಇಂಥ ಸಲಕರಣೆ, 1,000 ಪೌಂಡ್‌ವರೆಗಿನ ಸಣ್ಣಪುಟ್ಟ ಮಾರ್ಪಾಡು, ಇದಕ್ಕೆಲ್ಲ ಇಂಗ್ಲೆಂಡಲ್ಲಿ ಕೌನ್ಸಿಲ್ ಚಾರ್ಜ್ ಮಾಡೋ ಹಾಗಿಲ್ಲ, ನೀವು ಎಷ್ಟೇ ಶ್ರೀಮಂತರಾಗಿರಿ. ಹಾಗೇನೇ ರೀಏಬಲ್‌ಮೆಂಟ್ ಅಂತ ಇದೆ, ಮನೆಗೆ ಬಂದು ನೀವು ಮತ್ತೆ ನೀವಾಗೇ ಸ್ನಾನ, ಬಟ್ಟೆ, ತಿಂಡಿ ಮಾಡ್ಕೊಳ್ಳೋ ಹಾಗೆ ಅಭ್ಯಾಸ ಮಾಡಿಸೋದು, ಅದು ಕೊಟ್ರೆ ಆರು ವಾರದವರೆಗೂ ಬಿಟ್ಟಿ. ಕೇಳಿ ನೋಡಿ.

ಆ ಸ್ಟೂಲ್ ಮೇಲೆ ಕೂತು ಮಾವ ಇನ್ನೂ ಮೂರು ವರ್ಷ ತಮ್ಮ ಡಿಕಾಕ್ಷನ್ ತಾವೇ ಹಾಕ್ಕೊಂಡ್ರು. ಹಾಗಂತ ಎಲ್ಲ ಸೊಗಸಾಗಿತ್ತು ಅಂತ ಅಲ್ಲ. ಬೆಳಗ್ಗೆ ಬರೋ ಕೇರರ್ ಒಂದಿನ ಏಳಕ್ಕೆ, ಒಂದಿನ ಹತ್ತೂವರೆಗೆ, ಹದಿನೈದು ನಿಮಿಷದಲ್ಲಿ ಸ್ನಾನ ತಿಂಡಿ ಮಾತ್ರೆ ಎಲ್ಲ ಆಗ್ಬೇಕು, ಹುಡುಗ ಪಾಪ ಜಿಂಬಾಬ್ವೆಯಿಂದ ಬಂದಿದ್ದೋನು, ಒಂದು ಮನೆಯಿಂದ ಇನ್ನೊಂದಕ್ಕೆ ಬಸ್ಸಲ್ಲಿ ಓಡ್ತಿದ್ದ. ಏಜೆನ್ಸಿ ಹೆಸರು ಹೇಳಲ್ಲ, ಒಂದು ಭಾನುವಾರ ಯಾರೂ ಬರಲೇ ಇಲ್ಲ. ನಾನು ಕೌನ್ಸಿಲ್‌ಗೆ ಲಿಖಿತ ದೂರು ಕೊಟ್ಟೆ, ಆಮೇಲೆ ಟೈಮ್ ಸರಿಹೋಯ್ತು. ಕೌನ್ಸಿಲ್‌ನ ಉತ್ತರ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಇಂಥ ದೂರು ವಿಚಾರಿಸೋ ಸ್ವತಂತ್ರ ಅಧಿಕಾರಿ, ಲೋಕಲ್ ಗವರ್ನ್‌ಮೆಂಟ್ ಆ್ಯಂಡ್ ಸೋಷಿಯಲ್ ಕೇರ್ ಒಂಬುಡ್ಸ್‌ಮನ್ ಇದ್ದಾರೆ, ದೂರಿಗೆ ಫೀಸಿಲ್ಲ.

ನಿಮ್ಮ ಯಜಮಾನ್ರ ‘ಯಾರ ಹಂಗೂ ಇಲ್ದೆ’ ಅನ್ನೋ ಮಾತಿಗೆ ಬರ್ತೀನಿ, ಸಂಪಾದಕಿ ಆಗಿ ನನಗೆ ಇಷ್ಟದ ಕತೆ ಇದು. 1972ರಲ್ಲಿ ಪಾಲ್ ಹಂಟ್ ಅನ್ನೋರು ಗಾರ್ಡಿಯನ್ ಪೇಪರಿಗೆ ಓದುಗರ ಪತ್ರ ಬರೆದ್ರು, ನಿಮ್ಮ ಥರಾನೇ. ಅವರು ಹ್ಯಾಂಪ್‌ಶೈರ್‌ನ ಲೆ ಕೋರ್ಟ್ ಅನ್ನೋ ಅಂಗವಿಕಲರ ನಿವಾಸದಲ್ಲಿ ವರ್ಷಗಟ್ಟಲೆ ಇದ್ದೋರು. ಸಂಸ್ಥೆಗಳೊಳಗೆ ಬಿದ್ದಿರೋ ನಮ್ಮಂಥವರು ಒಂದಾಗೋಣ ಅನ್ನೋ ಅರ್ಥದ ಪತ್ರ, ಅದರಿಂದ ಒಂದು ಸಂಘಟನೆ ಹುಟ್ಟಿತು. ಅದೇ ಲೆ ಕೋರ್ಟ್‌ನಲ್ಲಿದ್ದ ಜಾನ್ ಇವಾನ್ಸ್ ಮತ್ತೆ ಜೊತೆಯವರು ಮುಂದೆ ‘ಪ್ರಾಜೆಕ್ಟ್ 81’ ಅಂತ ಮಾಡ್ಕೊಂಡು ಕೌನ್ಸಿಲ್‌ನವರ ಹತ್ರ ವಾದ ಹಾಕಿದ್ರು, ನಮ್ಮನ್ನ ಇಲ್ಲಿ ಇಟ್ಕೊಳ್ಳೋಕೆ ಕೊಡೋ ದುಡ್ಡನ್ನ ನಮ್ಮ ಕೈಗೆ ಬರೋ ಹಾಗೆ ಮಾಡಿ, ಸಹಾಯಕ್ಕೆ ಯಾರು ಬೇಕು ಎಷ್ಟು ಹೊತ್ತಿಗೆ ಬೇಕು ನಾವೇ ನೋಡ್ಕೋತೀವಿ ಅಂತ, ಹಾಗೇ ಹೊರಗೆ ಬಂದು ಸ್ವಂತ ಮನೇಲಿ ಇದ್ರು. ಕೌನ್ಸಿಲ್‌ಗಳು ದುಡ್ಡನ್ನ ನೇರ ಕೈಗೆ ಕೊಡಬಹುದು ಅಂತ ಕಾನೂನು ಆಗಿದ್ದು 1996ರಲ್ಲಿ, ಈಗ ಅದಕ್ಕೆ ಡೈರೆಕ್ಟ್ ಪೇಮೆಂಟ್ ಅಂತಾರೆ. ಕುತ್ತಿಗೆ ಕೆಳಗೆ ಅಲ್ಲಾಡಿಸೋಕಾಗದ ಮನುಷ್ಯನೂ ನಾನು ಸ್ವತಂತ್ರ ಅಂದ, ಯಾಕಂದ್ರೆ ಯಾವಾಗ ಏಳ್ಬೇಕು, ಏನು ತಿನ್ಬೇಕು ಅಂತ ಹೇಳೋನು ಅವನೇ. ನಿಮ್ಮವರು ಟವೆಲ್ ರಾಡ್ ಹಿಡ್ಕೊಂಡು ಒಬ್ಬರೇ ಏಳೋದು ಸ್ವಾತಂತ್ರ್ಯ ಅಲ್ಲ, ಹಟ.

ಡೈರೆಕ್ಟ್ ಪೇಮೆಂಟ್ ತಗೊಂಡ್ರೆ ಬರೋ ಕೇರರ್‌ಗೆ ನಮ್ಮ ಸಾರು ಅನ್ನ ಮಾಡೋಕೆ ಬರುತ್ತಾ ಅನ್ನೋ ನಿಮ್ಮ ಚಿಂತೇನೂ ತೀರುತ್ತೆ, ಕನ್ನಡವೋ ತಮಿಳೋ ಬರೋ ಹೆಂಗಸನ್ನ ನೀವೇ ನೇಮಿಸ್ಕೋಬಹುದು. ಜೊತೇಲೇ ಇರೋ ಹೆಂಡತಿಗೋ ಮಗನಿಗೋ ಆ ದುಡ್ಡಲ್ಲಿ ಸಂಬಳ ಕೊಡೋ ಹಾಗಿಲ್ಲ, ವಿಶೇಷ ಸಂದರ್ಭ ಬಿಟ್ರೆ. ಸಂಬಳದ ಲೆಕ್ಕ ಇನ್ಶೂರೆನ್ಸ್ ತಲೆನೋವು ಇದ್ದೇ ಇದೆ, ಬೇಡ ಅಂದ್ರೆ ಕೌನ್ಸಿಲ್ ಕಳಿಸೋ ಕೇರರ್‌ಗೇ ಸಸ್ಯಾಹಾರ, ದೇವರಮನೆಗೆ ಶೂ ಹಾಕ್ಕೊಂಡು ಬರಬಾರದು, ಇಂಥದ್ದೆಲ್ಲ ಕೇರ್ ಪ್ಲಾನಲ್ಲೇ ಬರೆಸಿ. ಅಂದ ಹಾಗೆ ಕೌನ್ಸಿಲ್‌ಗೆ ಸಂಬಂಧ ಇಲ್ಲದ ಇನ್ನೊಂದು ದುಡ್ಡು ನೀವು ಕೈಬಿಟ್ಟಿದ್ದೀರಿ, ಅಟೆಂಡೆನ್ಸ್ ಅಲೋಯನ್ಸ್. ಪೆನ್ಶನ್ ವಯಸ್ಸು ದಾಟಿದವರಿಗೆ, ಆರು ತಿಂಗಳಿಂದ ಸಹಾಯ ಬೇಕಾಗಿದ್ರೆ, ಉಳಿತಾಯ ಎಷ್ಟಿದ್ರೂ ಸಿಗುತ್ತೆ, 2025-26ರಲ್ಲಿ ವಾರಕ್ಕೆ 73.90 ಪೌಂಡ್, ಹಗಲೂ ರಾತ್ರಿ ಎರಡೂ ಹೊತ್ತು ಬೇಕಾದ್ರೆ 110.40. ಫಾರ್ಮ್ ಉದ್ದ ಇದೆ, ಅಲ್ಲೂ ಮ್ಯಾನೇಜ್ ಪದ ಬರೀಬೇಡಿ.

ಮೈಸೂರಿಗೆ ಹೋಗೋದು ಬಿಡೋದು ನಾನು ಹೇಳೋ ವಿಷಯ ಅಲ್ಲ. ಆದ್ರೆ ಲೆಕ್ಕ ಗೊತ್ತಿರ್ಲಿ: ಭಾರತದಲ್ಲಿ ನೆಲೆಸಿದ್ರೆ ಇಲ್ಲಿನ ಸ್ಟೇಟ್ ಪೆನ್ಶನ್ ಬರುತ್ತೆ, ಆದ್ರೆ ಅಲ್ಲಿಗೆ ಹೋದಾಗ ಎಷ್ಟಿತ್ತೋ ಅಷ್ಟಕ್ಕೇ ನಿಂತುಹೋಗುತ್ತೆ, ವರ್ಷಾವರ್ಷ ಏರಲ್ಲ, ಅಟೆಂಡೆನ್ಸ್ ಅಲೋಯನ್ಸ್ ನಿಂತೇ ಹೋಗುತ್ತೆ. ಚಳಿಗಾಲಕ್ಕೆ ಹೋಗಿ 13 ವಾರದೊಳಗೆ ವಾಪಸ್ ಬಂದ್ರೆ ಅದಕ್ಕೇನೂ ತೊಂದ್ರೆ ಇಲ್ಲ. ನಿಮ್ಮ ತಂಗಿಗೂ ಈಗ 68 ಅಂತ ನೀವೇ ಬರೆದಿದ್ದೀರಿ, ಅಲ್ಲಿ ಯಾರು ಯಾರನ್ನ ನೋಡ್ಕೋತಾರೆ ಅಂತ ಅವರ ಹತ್ರ ಒಂದು ಸಲ ಬಾಯಿಬಿಟ್ಟು ಮಾತಾಡಿ.

ಸೋಮವಾರ ಬೆಳಗ್ಗೆ ಫೋನ್ ಮಾಡಿ. ಯಜಮಾನ್ರಿಗೆ ಇಂಗ್ಲಿಷಲ್ಲಿ ಕಷ್ಟ ಹೇಳ್ಕೊಳ್ಳೋಕೆ ಮುಜುಗರ ಆದ್ರೆ ಕನ್ನಡ ಇಂಟರ್‌ಪ್ರಿಟರ್ ಕೊಡಿ ಅಂತ ಕೇಳಿ. ಅವರು ಬರೋ ದಿನ ಮನೆ ಗುಡಿಸ್ಬೇಡಿ, ಉಪ್ಪಿಟ್ಟು ಬೇಡ. ಟವೆಲ್ ರಾಡನ್ನ ಹಾಗೇ ಬಿಡಿ, ಓಟಿ ಕಣ್ಣಿಗೆ ಬೀಳ್ಲಿ. ಆದ್ರೆ ಅಲ್ಲಿವರೆಗೂ ದಮ್ಮಯ್ಯ, ಅವರನ್ನ ಆ ಟಬ್ಬಿಗೆ ಇಳಿಸ್ಬೇಡಿ, ಕುರ್ಚಿ ಮೇಲೆ ಕೂರಿಸಿ ಬಿಸಿನೀರಲ್ಲಿ ಟವೆಲ್ ಅದ್ದಿ ಮೈ ಒರೆಸಿದ್ರೆ ಸಾಕು.