ಮೂಲೆಗೆ ಓಡಿಸಿದಾಗ ವಿನ್ನರ್ ಆಸೆ ಬಿಡಿ

ಮಾರಾಯ್ರೇ, ನಿಮ್ಮ ಟೆನಿಸ್ ವಿಡಿಯೋ ನೋಡಿದೆ. ಡಿಫೆನ್ಸ್ ಸುಧಾರಿಸಲು ಯಾವ ರಾಕೆಟ್ ತೆಗೆದುಕೊಳ್ಳಲಿ ಅಂತ ಕೇಳಿದ್ದೀರಿ. ರಾಕೆಟ್ ಚೆನ್ನಾಗಿಯೇ ಉಂಟು. ಫೋರ್‌ಹ್ಯಾಂಡ್ ಮೂಲೆಗೆ ಓಡಿಸಿದ ಕೂಡಲೇ ವಿನ್ನರ್ (ಎದುರಿನವರಿಗೆ ಸಿಗದ ಹೊಡೆತ) ಆಸೆಗೆ ಡೌನ್ ದ ಲೈನ್, ಅಂದರೆ ಬದಿಯ ಗೆರೆಗುಂಟ ನೇರಕ್ಕೆ, ಬೀಸುತ್ತೀರಲ್ಲ, ಅದನ್ನು ಬಿಡಿ. ನಾನೂ ವರ್ಷಗಟ್ಟಲೆ ಹಾಗೇ ಪಾಯಿಂಟ್ ಕೊಟ್ಟವನು.

ಅಲ್ಲಿಂದ ಎತ್ತರದ ಕ್ರಾಸ್‌ಕೋರ್ಟ್ ಮಾತ್ರ, ಅಂದರೆ ಓರೆಯಾಗಿ ಆಚೆ ಮೂಲೆಗೆ. ಓರೆಗೆ ನೆಟ್ಟೂ ತಗ್ಗು, ಜಾಗವೂ ಜಾಸ್ತಿ. ನೆಟ್ ನಡುವೆ 3 ಅಡಿ, ಕಂಬದ ಹತ್ತಿರ ಮೂರೂವರೆ. ನೇರಕ್ಕೆ 78 ಅಡಿ ಜಾಗ, ಸಿಂಗಲ್ಸ್‌ನಲ್ಲಿ ಮೂಲೆಯಿಂದ ಮೂಲೆಗೆ ಎಂಬತ್ತೆರಡೂವರೆ. ಚೆಂಡು ನೆಟ್ ಮೇಲೆ ಒಂದಾಳೆತ್ತರ ಹೋಗಲಿ, ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವ ಸುತ್ತು) ಇರಲಿ, ಬೇಸ್‌ಲೈನ್ ಎಂಬ ಹಿಂದಿನ ಗೆರೆ ಹತ್ತಿರ ಬೀಳಲಿ. ಅದು ಮೇಲಿರುವಷ್ಟು ಹೊತ್ತು ನೀವು ವಾಪಸ್ ಬರಬಹುದು. ಸರೀ ನಡುವಿಗೆ ಬರಬೇಕಾಗಿಯೂ ಇಲ್ಲ, ಹೊಡೆದ ಬದಿಯಲ್ಲೇ ಒಂದು ಹೆಜ್ಜೆ ಮೊದಲು ನಿಂತರೆ ಸಾಕು. ಡೌನ್ ದ ಲೈನ್ ಹೊಡೆದರೆ ನಡು ದಾಟಿ ಆಚೆ ಓಡಬೇಕು. ನೀವು ತಲುಪುತ್ತಿಲ್ಲ, ವಿಡಿಯೋದಲ್ಲೇ ಕಾಣುತ್ತದೆ ಅಲ್ವಾ? ಎದುರಿನವರು ಹೊಡೆಯುವ ಹೊತ್ತಿಗೆ ಸರಿಯಾಗಿ ಸ್ಪ್ಲಿಟ್ ಸ್ಟೆಪ್ (ಎರಡೂ ಕಾಲಲ್ಲಿ ಸಣ್ಣ ಜಿಗಿತ) ಹಾಕಬೇಕು. ದೂರ ಉಳಿದಿದ್ದರೂ ಸರಿ, ಅಲ್ಲೇ ಹಾಕಿ.

ಮೂನ್‌ಬಾಲ್, ಅಂದರೆ ಇಂಥ ಎತ್ತರದ ಚೆಂಡು, ಹೇಡಿಗಳ ಆಟ ಅಂತ ನಿಮ್ಮ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ. ಹಾಗೆಲ್ಲ ಹೇಳಬೇಡಿ. 1989ರ ಫ್ರೆಂಚ್ ಓಪನ್‌ನಲ್ಲಿ 17 ವರ್ಷದ ಮೈಕೆಲ್ ಚಾಂಗ್ ಎರಡು ಸೆಟ್ ಸೋತು, ಕಾಲು ಸೆಟೆದುಕೊಂಡ ಮೇಲೂ ಇಂಥ ಚೆಂಡು ಹಾಕುತ್ತಲೇ ಆಗಿನ ವಿಶ್ವ ನಂಬರ್ ಒನ್ ಇವಾನ್ ಲೆಂಡ್ಲ್ ಅವರನ್ನು ಸೋಲಿಸಿದರು.

ಆದರೆ ಎದುರಿನವರು ನೆಟ್‌ಗೆ ಬಂದಿದ್ದರೆ ಇದು ನಡೆಯುವುದಿಲ್ಲ, ವಾಲಿ ಮಾಡಿ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆದು) ಮುಗಿಸುತ್ತಾರೆ. ಆಗ ಲಾಬ್, ಅಂದರೆ ಅವರ ತಲೆ ಮೇಲಿಂದ ದಾಟಿಸುವ ಚೆಂಡು, ಅದೂ ಅವರ ಬ್ಯಾಕ್‌ಹ್ಯಾಂಡ್ ಬದಿಗೆ. ನಮ್ಮ ಮಂಗಳೂರಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ. ಕೋರ್ಟ್ ಉತ್ತರ-ದಕ್ಷಿಣ ಇದ್ದರೆ ಅದು ಅಡ್ಡಗಾಳಿ, ಲಾಬನ್ನು ಪೂರ್ವಕ್ಕೆ ತಳ್ಳುತ್ತದೆ. ಗುರಿ ಸ್ವಲ್ಪ ಪಡುವಣಕ್ಕೇ ಇಡಿ. ಮಳೆಗಾಲದಲ್ಲಿ ಒದ್ದೆ ಚೆಂಡು ಭಾರ, ಎಷ್ಟು ಎತ್ತಿದರೂ ಗಿಡ್ಡ ಬೀಳುತ್ತದೆ. ಆಗ ಸ್ಲೈಸೇ (ಚೆಂಡಿನಡಿ ಕತ್ತರಿಸಿದ ಹಾಗೆ ಹೊಡೆಯುವುದು) ವಾಸಿ.

ರಾಕೆಟ್‌ಗೆ ಪೂರ್ತಿ ಪಾಲಿ (ಪಾಲಿಯೆಸ್ಟರ್) ಸ್ಟ್ರಿಂಗ್ ಯಾಕೆ ಹಾಕಿಸಿದ್ದೀರಿ? ವಾರಾಂತ್ಯಕ್ಕೆ ಆಡುವವರ ಮೊಣಕೈಗೆ ಅದು ಒಳ್ಳೆಯದಲ್ಲ, ಬಿಗಿಯೂ ಬೇಗ ಹೋಗುತ್ತದೆ. ಸಿಂಥೆಟಿಕ್ ಗಟ್ (ನೈಲಾನ್ ಸ್ಟ್ರಿಂಗ್) ಸಾಕು. ಕೈ ಬೆವರುವವರಿಗೆ ಹಿಡಿಗೆ ಸುತ್ತುವ ಟೂರ್ನಾ ಗ್ರಿಪ್, ನನ್ನ ಮಟ್ಟಿಗೆ ಬೇರೆ ಯಾವುದೂ ಬೇಡ. ಮತ್ತೆ ಆ ರನ್ನಿಂಗ್ ಶೂ ಹಾಕಿ ಕೋರ್ಟ್‌ಗೆ ಇಳಿಯಲೇಬೇಡಿ. ಅಡ್ಡ ಓಟಕ್ಕೆ ಅದು ಮಾಡಿದ್ದಲ್ಲ, ಪಾದ ಹೊರಳಿದರೆ ಸೀಸನ್ನೇ ಹೋಯಿತು. ರಾಕೆಟ್‌ಗೆ ಇಟ್ಟ ದುಡ್ಡಲ್ಲಿ ಮೊದಲು ಟೆನಿಸ್ ಶೂ ತೆಗೆದುಕೊಳ್ಳಿ.